ಯುಎಸ್‌ಬಿ ಪ್ಯಾರಲಲ್ ಕೇಬಲ್: ತಂದದ್ದು ಒಂದಕ್ಕೆ, ಬಂದದ್ದು ಇನ್ನೊಂದಕ್ಕೆ

ಒಂದೇ ಸ್ಟಾರ್ ಕೊಡಬೇಕು ಅಂತ ಸಿಟ್ಟಲ್ಲಿದ್ದೆ. ಈಗ ಮೂರು ಕೊಡ್ತಿದ್ದೇನೆ.

ವಿಜಯಪುರದ ಎಪಿಎಂಸಿಯಲ್ಲಿ ನಮ್ಮ ಕಾಕಾ ಅವರ ದಲಾಲಿ ಅಂಗಡಿ ಇದೆ. ಅಲ್ಲಿ ಇನ್ನೂ ವಿಂಡೋಸ್ 95 ಕಂಪ್ಯೂಟರೇ ನಡೆಯುತ್ತಿದೆ. ರೈತರಿಗೆ ಕೊಡುವ ಪಟ್ಟಿ ಬರುವುದು ಅದರೊಳಗಿನ ಡಾಸ್ (ವಿಂಡೋಸಿಗೂ ಹಿಂದಿನ ಕಾಲದ್ದು) ಪ್ರೋಗ್ರಾಮಿನಿಂದ. ತೂಕ, ದರ, ಹಮಾಲಿ, ಎಲ್ಲ ಕಣ್ಣು ಮುಚ್ಚಿ ಹೊಡೆಯುತ್ತಾರೆ. ಹೊಸದು ತರೋಣ ಅಂದರೆ "ಇದಕ್ಕೇನಾಗೇತಿ? ಸುಮ್ನಿರಪಾ" ಅನ್ನುತ್ತಾರೆ. ಕಂಪ್ಯೂಟರಿಗೆ ಏನೂ ಆಗಿರಲಿಲ್ಲ ನಿಜ, ಆದರೆ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನ ಹೆಡ್ ಹೋಗಿತ್ತು.

ನಮ್ಮ ಮನೆಯಲ್ಲಿ ಒಂದು ಸಣ್ಣ ಲೇಸರ್ ಪ್ರಿಂಟರ್ ಖಾಲಿ ಕೂತಿತ್ತು. ಅದಕ್ಕಿರುವುದು ಯುಎಸ್‌ಬಿ, ಕಾಕಾ ಅವರ ಕಂಪ್ಯೂಟರಿಗಿರುವುದು 25 ತೂತಿನ ಪ್ಯಾರಲಲ್ ಪೋರ್ಟ್. ಆನ್‌ಲೈನ್‌ನಲ್ಲಿ ಹುಡುಕಿದಾಗ ಈ ಕೇಬಲ್ ಸಿಕ್ಕಿತು, 650 ರೂಪಾಯಿ. ಎಲ್ಲಾ ಹಳೇ ಕಂಪ್ಯೂಟರಿಗೂ ಆಗುತ್ತೆ ಅಂತ ಮಾರುವವರು ಬರೆದಿದ್ದರು. ನಾನೂ ನಂಬಿದೆ.

ಬಂದ ಮೇಲೆ ನೋಡಿದರೆ ಎರಡೂ ತುದಿ ಎಲ್ಲೂ ಕೂರುವುದಿಲ್ಲ. ದಪ್ಪ ತುದಿ 36 ಪಿನ್ನಿನ ಸೆಂಟ್ರಾನಿಕ್ಸ್. ಅಂದರೆ ಅದು ಹಳೇ ಪ್ರಿಂಟರಿನ ಬೆನ್ನಿಗೆ ಹಾಕಿ, ಎರಡೂ ಕಡೆ ತಂತಿಯ ಕ್ಲಿಪ್ ಒತ್ತುವ ನಮೂನೆಯದು. ಇನ್ನೊಂದು ತುದಿ ಲ್ಯಾಪ್‌ಟಾಪಿಗೆ ಹಾಕುವ ಚಪ್ಪಟೆ ಯುಎಸ್‌ಬಿ. ಕನ್ವರ್ಟರ್ ಹಾಕಿ ಹೊಂದಿಸೋಣ ಅಂತ ಗಾಂಧಿ ಚೌಕದ ಹತ್ತಿರ ಒಬ್ಬ ರಿಪೇರಿಯವರ ಬಳಿ ಹೋದೆ. ಅವರು ಕೇಬಲ್ ತಿರುಗಿಸಿ ನೋಡಿ, "ಏನ್ ಹಾಕಿದ್ರೂ ಆಗಂಗಿಲ್ರೀ, ಇದು ಉಲ್ಟಾ ಐತಿ" ಅಂದರು.

ವಿಷಯ ಇಷ್ಟೇ. ಈ ಕೇಬಲ್ಲಿನೊಳಗೆ ಒಂದು ಚಿಪ್ ಇದೆ. ಯುಎಸ್‌ಬಿ ಕಡೆ ಕಂಪ್ಯೂಟರ್ ಇರುತ್ತೆ, ಅದು ಅಪ್ಪಣೆ ಕೊಡುತ್ತೆ ಅಂತ ಚಿಪ್ ಕಾಯುತ್ತದೆ. ಅಲ್ಲಿ ಪ್ರಿಂಟರ್ ಇಟ್ಟರೆ ಅದೂ ಹಾಗೇ ಕಾಯುತ್ತದೆ. ಇಬ್ಬರು ಅಳಿಯಂದಿರು ಎಲೆ ಮುಂದೆ ಕೂತರೆ ಬಡಿಸುವವರು ಯಾರು, ಅಲ್ವಾ? ಸರಿ, ಇದನ್ನೂ ದಾಟಿದೆವು ಅಂತಲೇ ಇಟ್ಟುಕೊಳ್ಳಿ, ಆಗಲೂ ಕೆಲಸ ಆಗುತ್ತಿರಲಿಲ್ಲ. ಡಾಸ್ ಪ್ರೋಗ್ರಾಮು ಎಲ್‌ಪಿಟಿ1ಕ್ಕೆ, ಅಂದರೆ ಆ ಪ್ಯಾರಲಲ್ ಪೋರ್ಟಿಗೆ, ಬರೀ ಅಕ್ಷರ ಕಳಿಸುತ್ತದೆ, ನಮ್ಮಂಥ ಅಗ್ಗದ ಲೇಸರಿಗೋ ವಿಂಡೋಸ್ ಡ್ರೈವರ್ ಇಡೀ ಪುಟವನ್ನೇ ಚಿತ್ರ ಮಾಡಿ ಕೊಡಬೇಕು. ಮೇಲಾಗಿ ಲೇಸರಿನಲ್ಲಿ ಕಾರ್ಬನ್ ಕಾಪಿ ಬರುವುದಿಲ್ಲ. ಕಾಕಾ ಅವರಿಗೆ ಮೂರು ಪ್ರತಿ ಒಟ್ಟಿಗೆ ಬೇಕು.

ರಿಪೇರಿಯವರು ಅಟ್ಟದ ಮೇಲಿಂದ 9 ಪಿನ್ನಿನ, 80 ಕಾಲಂನ ಹಳೇ ಡಾಟ್ ಮ್ಯಾಟ್ರಿಕ್ಸ್ ಒಂದನ್ನು ಇಳಿಸಿದರು. ಮಾಮೂಲಿ 25ರಿಂದ 36 ಪಿನ್ನಿನ ಕೇಬಲ್ ಸೇರಿ 3,500 ಆಯಿತು. ಮೊದಲು ಪ್ರಿಂಟರನ್ನಷ್ಟೇ ಪರೀಕ್ಷೆ ಮಾಡಿದರು. ಲೈನ್ ಫೀಡ್ ಬಟನ್ ಒತ್ತಿ ಹಿಡಿದು ಸ್ವಿಚ್ ಹಾಕಿದರು, ಕರ್ರ್ ಕರ್ರ್ ಅಂತ ಅಕ್ಷರಗಳ ಸಾಲು ಇಳಿದು ಬಂತು. ಅಂಗಡಿಗೆ ತಂದು ಎರಡನ್ನೂ ಆಫ್ ಮಾಡಿಯೇ ಕೇಬಲ್ ಸಿಕ್ಕಿಸಿದೆ. ಇದು ಯುಎಸ್‌ಬಿ ಅಲ್ಲ, ಚಾಲೂ ಇದ್ದಾಗ ಕಿತ್ತು ಹಾಕಿದರೆ ಪೋರ್ಟ್ ಸುಟ್ಟರೂ ಸುಟ್ಟೀತು. ಆಮೇಲೆ ಡಾಸ್‌ನಲ್ಲಿ `ಡಿಐಆರ್ > ಪಿಆರ್‌ಎನ್` ಅಂತ, ಇಂಗ್ಲಿಷ್ ಅಕ್ಷರದಲ್ಲೇ, ಹೊಡೆದೆ. ಫೈಲುಗಳ ಪಟ್ಟಿ ಪೂರ್ತಿ ಬಂತು. ರಿಬ್ಬನ್ ಹಾಕುವಾಗ ಬೆರಳಿಗಾದ ಮಸಿ ಎರಡು ದಿನ ಹೋಗಲಿಲ್ಲ. ಕಾಕಾ ಮೊದಲ ಪಟ್ಟಿ ಹರಿದುಕೊಂಡು ಮೂರನೇ ಪ್ರತಿಯನ್ನು ಬೆಳಕಿಗೆ ಹಿಡಿದು ನೋಡಿದರು, ಅಂಕಿ ತೆಳುವಾಗಿದ್ದರೂ ಓದಲು ಬರುತ್ತಿತ್ತು.

ಹಾಗಾದರೆ ಮೂರು ಸ್ಟಾರ್ ಯಾಕೆ? ವಾಪಸ್ ಕಳಿಸುವ ಗಡುವು ಮುಗಿದಿತ್ತು. ಸುಮ್ನೆ ಒಂದು ಸಂಜೆ ಇದೇ ಕೇಬಲ್ಲಿನ ದಪ್ಪ ತುದಿಯನ್ನು ಆ ಡಾಟ್ ಮ್ಯಾಟ್ರಿಕ್ಸಿಗೆ, ಇನ್ನೊಂದನ್ನು ನನ್ನ ಲ್ಯಾಪ್‌ಟಾಪಿಗೆ ಹಾಕಿದೆ. ವಿಂಡೋಸ್ 10 ಯುಎಸ್‌ಬಿ001 ಅಂತ ಪೋರ್ಟ್ ತೋರಿಸಿತು. ಜೆನೆರಿಕ್ ಟೆಕ್ಸ್ಟ್ ಓನ್ಲಿ ಡ್ರೈವರ್ ಹಾಕಿದೆ, ಮೊದಲ ಸಲಕ್ಕೇ ಪ್ರಿಂಟ್ ಬಂತು. ಈ ಡ್ರೈವರಿನಲ್ಲಿ ಕನ್ನಡ ಬರುವುದಿಲ್ಲ, ಅದಕ್ಕೆ ಪ್ರಿಂಟರಿನದೇ ಡ್ರೈವರ್ ಬೇಕು. ಹೊಸ ಕಂಪ್ಯೂಟರ್, ಹಳೇ ಪ್ರಿಂಟರ್ ಇದ್ದರೆ ಧಾರಾಳವಾಗಿ ತಗೊಳ್ಳಿ. ನಿಮ್ಮದು ನನ್ನ ಹಾಗೆ ಹಳೇ ಕಂಪ್ಯೂಟರ್, ಹೊಸ ಪ್ರಿಂಟರ್ ಆಗಿದ್ದರೆ ಬೇಡ. ಉಳಿದೆರಡು ಸ್ಟಾರ್ ಕಿತ್ತುಕೊಂಡದ್ದು ಡಬ್ಬಿಯ ಮೇಲೆ ಈ ಒಂದು ಮಾತು ಬರೆಯದೇ ಇದ್ದದ್ದಕ್ಕೆ.