ರಾತ್ರಿ 11ಕ್ಕೆ ಇಂಟರ್‌ನೆಟ್ ನಿಲ್ಲಿಸಲು ಸ್ವಿಚ್, ರೂಟರ್, ಪಿಒಇ: ಮೂರನ್ನೂ ಬಳಸಿ ನೋಡಿದ ಹೋಲಿಕೆ

ನನ್ನ ಮತ ಸ್ವಿಚ್‌ಗೇ. ಮೂರು ವಿಧಾನಗಳನ್ನೂ ನಮ್ಮ ವಿದ್ಯಾರ್ಥಿನಿಲಯದಲ್ಲಿ ನಡೆಸಿ ನೋಡಿದ್ದೇನೆ. ನಾಳೆ ಮತ್ತೆ ಹಣ ಹಾಕಬೇಕಾಗಿ ಬಂದರೂ ಹೊತ್ತಿಗೆ ತಕ್ಕಂತೆ ಎಸಿಎಲ್ ನಿಯಮಗಳನ್ನು, ಅಂದರೆ ಯಾವ ದತ್ತಾಂಶಕ್ಕೆ ದಾರಿ ಬಿಡಬೇಕು, ಯಾವುದನ್ನು ತಡೆಯಬೇಕು ಎಂಬ ಪಟ್ಟಿಯನ್ನು, ಜಾರಿ ಮಾಡುವ ಮ್ಯಾನೇಜ್ಡ್ ಸ್ವಿಚ್ಚನ್ನೇ ಕೊಳ್ಳುತ್ತೇನೆ. ಕೋಣೆಗಳ ಕೇಬಲ್‌ಗಳು ಬಂದು ಸೇರುವ, ನಾವೇ ನಿಯಮ ಬರೆಯಬಹುದಾದ ಪೆಟ್ಟಿಗೆ ಅದು. ಆದರೆ ಕೊಡಗಿನಲ್ಲಿ ಅದರ ಜೊತೆಗೆ ನಂಬಬಹುದಾದ ಒಂದು ಗಡಿಯಾರವನ್ನೂ ಕೊಳ್ಳಬೇಕು. ಯಾವ ಅಂಗಡಿಯವರೂ ಇದನ್ನು ಹೇಳುವುದಿಲ್ಲ.

ನಿಲಯ ಇರುವುದು ಗೋಣಿಕೊಪ್ಪಲಿನಿಂದ ಸ್ವಲ್ಪ ಒಳಗೆ, ತೋಟಗಳ ನಡುವೆ. ಬೇಕಾಗಿದ್ದದ್ದು ಇಷ್ಟು: ವಿದ್ಯಾರ್ಥಿಗಳ ಕೋಣೆಗಳಿಗೆ ರಾತ್ರಿ 11ರಿಂದ ಬೆಳಗ್ಗೆ 5ರವರೆಗೆ ಸಂಪರ್ಕ ಇರಬಾರದು, ಶನಿವಾರ ರಾತ್ರಿ ಮಾತ್ರ ರಿಯಾಯಿತಿ. ಕಚೇರಿ, ಸಿಸಿಟಿವಿ ಮತ್ತು ವಾರ್ಡನ್ ಫೋನ್ ಎಂದೂ ನಿಲ್ಲಬಾರದು.

ಪಿಒಇ ಎಂದರೆ ನೆಟ್‌ವರ್ಕ್ ಕೇಬಲ್‌ನಲ್ಲೇ ವಿದ್ಯುತ್ತನ್ನೂ ಕಳಿಸುವ ವಿಧಾನ. ಅದರ ವೇಳಾಪಟ್ಟಿ ಎಲ್ಲಕ್ಕಿಂತ ಸುಲಭ. ಹೊತ್ತಾದೊಡನೆ ವೈಫೈ ಪೆಟ್ಟಿಗೆಗಳಿಗೆ ಹೋಗುವ ವಿದ್ಯುತ್ತನ್ನೇ ಸ್ವಿಚ್ ಕಡಿಯುತ್ತದೆ. ಅದರೊಂದಿಗೆ ವಾರ್ಡನ್ ಫೋನೂ ಸಾಯುತ್ತದೆ, ಕೇಬಲ್ ಹಾಕಿಕೊಂಡ ಲ್ಯಾಪ್‌ಟಾಪ್ ಮಾತ್ರ ಬದುಕಿರುತ್ತದೆ. ನಮಗೆ ಅದು ಒಗ್ಗಲಿಲ್ಲ.

ರೂಟರ್‌ನ ಫೈರ್‌ವಾಲ್‌ಗೆ, ಅಂದರೆ ಸಂಪರ್ಕಗಳನ್ನು ಸೋಸುವ ಭಾಗಕ್ಕೆ, ಹೆಚ್ಚು ದಿನ ಅವಕಾಶ ಕೊಟ್ಟೆ. ಆ ರೂಟರ್‌ನಲ್ಲಿ ನಡೆಯುವ ಓಪನ್‌ಡಬ್ಲ್ಯುಆರ್‌ಟಿ ನನಗೆ ಬಹಳ ಇಷ್ಟದ ತಂತ್ರಾಂಶ. ನಿಯಮದಲ್ಲಿ ಆರಂಭದ ಹೊತ್ತು, ಮುಗಿಯುವ ಹೊತ್ತು, ವಾರದ ದಿನಗಳು ಎಲ್ಲವನ್ನೂ ಬರೆಯಬಹುದು, ಖರ್ಚೂ ಇಲ್ಲ. ಆದರೆ ಇಂಥ ಫೈರ್‌ವಾಲ್ ಈಗಾಗಲೇ ನಡೆಯುತ್ತಿರುವ ಸಂಪರ್ಕಗಳನ್ನು ನೆನಪಿನಲ್ಲಿ ಇಟ್ಟುಕೊಂಡು, ಅವುಗಳಿಗೆ ಎಲ್ಲಕ್ಕಿಂತ ಮೊದಲು ದಾರಿ ಬಿಡುತ್ತದೆ. ಹೀಗಾಗಿ 10:55ಕ್ಕೆ ಶುರುವಾದ ಡೌನ್‌ಲೋಡ್ 11 ಗಂಟೆಯ ನಿಯಮವನ್ನು ಲೆಕ್ಕಿಸದೆ ಮುಂದುವರಿಯುತ್ತದೆ. 11 ಗಂಟೆಗೆ ಹಳೆಯ ಸಂಪರ್ಕಗಳ ಪಟ್ಟಿಯನ್ನು ಅಳಿಸುವ ಕ್ರಾನ್ ಆದೇಶ, ಅಂದರೆ ನಿಗದಿತ ಹೊತ್ತಿಗೆ ತಾನಾಗಿ ನಡೆಯುವ ಆದೇಶ, ಸೇರಿಸಿದರೆ ಆ ತೊಂದರೆ ತೀರುತ್ತದೆ. ತೀರದ ತೊಂದರೆ ಇನ್ನೊಂದಿದೆ. ಒಂದೇ ಸ್ವಿಚ್ಚಿಗೆ ಸೇರಿದ ಎರಡು ಕೋಣೆಗಳ ನಡುವಿನ ಆಟ ರೂಟರ್‌ವರೆಗೆ ಬರುವುದೇ ಇಲ್ಲ. ಬಾರದ ಪ್ಯಾಕೆಟ್ಟನ್ನು, ಅಂದರೆ ದತ್ತಾಂಶದ ತುಣುಕನ್ನು, ರೂಟರ್ ತಡೆಯುವುದಾದರೂ ಹೇಗೆ? ಮಧ್ಯರಾತ್ರಿಯ ಗದ್ದಲದ ಬಹುಪಾಲು ಇಂಥ ಆಟಗಳದೇ ಆಗಿತ್ತು.

ಸ್ವಿಚ್ಚಿನ ಎಸಿಎಲ್ ಗೆಲ್ಲುವುದು ಇಲ್ಲೇ. ಅದಕ್ಕೆ ಹಳೆಯ ಸಂಪರ್ಕದ ನೆನಪಿಲ್ಲ, ಪ್ರತಿ ಪ್ಯಾಕೆಟ್ಟನ್ನೂ ಪೋರ್ಟಿನ, ಅಂದರೆ ಕೇಬಲ್ ಸಿಕ್ಕಿಸುವ ಕಿಂಡಿಯ, ಬಾಗಿಲಲ್ಲೇ ಹೊಸದಾಗಿ ನೋಡುತ್ತದೆ. ಗಂಟೆ 11 ಆಯಿತೆಂದರೆ ಡೌನ್‌ಲೋಡೂ ನಿಲ್ಲುತ್ತದೆ, ಪಕ್ಕದ ಕೋಣೆಯ ಜೊತೆಗಿನ ಆಟವೂ ನಿಲ್ಲುತ್ತದೆ. ಇಂಟರ್‌ನೆಟ್ ವಿಳಾಸಗಳ ಹಳೆಯ ಪದ್ಧತಿಯಾದ ಐಪಿವಿ4ಕ್ಕೆ ಬರೆದ ನಿಯಮ ಹೊಸದಾದ ಐಪಿವಿ6 ಅನ್ನು ಮುಟ್ಟುವುದಿಲ್ಲವಾದ್ದರಿಂದ, ನನ್ನ ಸ್ವಿಚ್ಚಿನಲ್ಲಿ ಮ್ಯಾಕ್ ಹಂತದ, ಅಂದರೆ ಯಂತ್ರದ ವಿಳಾಸವನ್ನೇ ನೋಡುವ, ಎಸಿಎಲ್ ಬರೆಯುವುದು ಲೇಸು.

ಮಧ್ಯರಾತ್ರಿ ದಾಟುವ ಅವಧಿಯನ್ನು ನನ್ನ ಸ್ವಿಚ್ ಒಪ್ಪುವುದಿಲ್ಲ. 11ರಿಂದ 12ರವರೆಗೆ ಒಂದು ತುಂಡು, 12ರಿಂದ 5ರವರೆಗೆ ಇನ್ನೊಂದು. ಶನಿವಾರ ರಾತ್ರಿಯ ರಿಯಾಯಿತಿ ಕೊಡಬೇಕಾದರೆ ಮೊದಲ ತುಂಡಿನಿಂದ ಶನಿವಾರವನ್ನೂ ಎರಡನೆಯದರಿಂದ ಭಾನುವಾರವನ್ನೂ ತೆಗೆಯಬೇಕು.

ಇನ್ನು ಗಡಿಯಾರದ ವಿಷಯ. ಜುಲೈ-ಆಗಸ್ಟ್ ಹೊತ್ತಿನ ಕಕ್ಕಡ ಮಾಸದ ಮಳೆಯಲ್ಲಿ ಸಿಲ್ವರ್ ಓಕ್ ಮರವೊಂದು ಬಿದ್ದರೆ ವಿದ್ಯುತ್ ತಂತಿಯೂ ಅದೇ ಕಂಬಗಳ ಮೇಲೆ ಎಳೆದ ಫೈಬರ್ ಕೇಬಲ್ಲೂ ಒಟ್ಟಿಗೆ ಹೋಗುತ್ತವೆ. ಇನ್ವರ್ಟರ್ ಬ್ಯಾಟರಿ ಬರಿದಾಗುತ್ತದೆ, ಸ್ವಿಚ್ ಆರುತ್ತದೆ. ಕರೆಂಟ್ ಮರಳಿ ಬಂದರೂ ಫೈಬರ್ ಬೆಸೆಯುವವರು ಬರಲು ಇನ್ನೂ ಸಮಯ ಬೇಕು. ಈ ನಡುವಿನ ಅವಧಿಯಲ್ಲೇ ಇಡೀ ವ್ಯವಸ್ಥೆ ಕೆಡುವುದು. ಇಂಥ ಬಹಳಷ್ಟು ಸ್ವಿಚ್ಚುಗಳಲ್ಲಿ ಬ್ಯಾಟರಿಯಿಂದ ನಡೆಯುವ ಗಡಿಯಾರ ಇರುವುದಿಲ್ಲ. ಹೊತ್ತಿಕೊಂಡ ಮೇಲೆ ಎನ್‌ಟಿಪಿ ಎಂಬ ಸಮಯ ಹೊಂದಿಸುವ ಪದ್ಧತಿಯ ಮೂಲಕ ಹೊರಗಿನ ಸರ್ವರ್‌ನಿಂದ ಸಮಯ ಕೇಳುತ್ತವೆ. ಉತ್ತರ ಬರದಿದ್ದರೆ ಕಾರ್ಖಾನೆಯಲ್ಲಿ ನಿಗದಿಯಾದ ದಿನಾಂಕದಿಂದ ಎಣಿಸತೊಡಗುತ್ತವೆ. ಸಿಸ್ಕೋದ ಹಲವು ಹಳೆಯ ಕ್ಯಾಟಲಿಸ್ಟ್ ಮಾದರಿಗಳಲ್ಲಿ ಅದು 1993ರ ಮಾರ್ಚ್ 1. ನನ್ನ ಸ್ವಿಚ್ ಬೇರೆ ಕಂಪನಿಯದು, ಅದರಲ್ಲಿ 1970ರ ಜನವರಿ 1.

ಇದರ ಪರಿಣಾಮವನ್ನು ಲೆಕ್ಕ ಹಾಕಿ ನೋಡಿ. ಭಾರತದ ಕಾಲಮಾನ ಐದೂವರೆ ಗಂಟೆ ಮುಂದಿರುವುದರಿಂದ ಸ್ವಿಚ್ ಎಚ್ಚರಗೊಂಡಾಗ ಅದರ ಪಾಲಿಗೆ ಗುರುವಾರ ಬೆಳಗಿನ 5:30. ನಮಗೆ ಸಂಜೆ 6ಕ್ಕೆ ಕರೆಂಟ್ ಬಂತು ಎಂದುಕೊಳ್ಳೋಣ. ಅದರ ರಾತ್ರಿ 11 ಆಗುವುದು ಹದಿನೇಳೂವರೆ ಗಂಟೆಗಳ ನಂತರ, ಅಂದರೆ ನಮ್ಮ ಮರುದಿನ ಹಗಲು 11:30ಕ್ಕೆ. ಅಲ್ಲಿಂದ ಸಂಜೆ 5:30ರವರೆಗೆ ಕೋಣೆಗಳ ಪೋರ್ಟ್‌ಗಳು ಬಂದ್. ರಾತ್ರಿಯಿಡೀ ಎಲ್ಲವೂ ಮುಕ್ತ! ಫೈಬರ್ ಸರಿಹೋದ ಮೇಲೂ ನಮ್ಮ ಪರದಾಟ ಮುಗಿಯಲಿಲ್ಲ, ಏಕೆಂದರೆ ಈ ಸ್ವಿಚ್ ಮೊದಲ ಬಾರಿ ಉತ್ತರ ಸಿಗದಿದ್ದರೆ ಮತ್ತೆ ಸಮಯ ಕೇಳುವುದು ತನ್ನ ನಿಗದಿತ ಬಿಡುವು ಕಳೆದ ನಂತರವೇ. ಆನ್‌ಲೈನ್ ಪರೀಕ್ಷಾ ಅರ್ಜಿ ತುಂಬುತ್ತಿದ್ದ ಹುಡುಗಿಯೊಬ್ಬಳ ಪರದೆ ಹಗಲಿನಲ್ಲಿ ಹೀಗೆ ನಿಂತುಹೋದಾಗ ನನಗೆ ನಿಜಕ್ಕೂ ಸಂಕಟವಾಯಿತು. ಶಿಸ್ತಿಗಾಗಿ ಹಾಕಿದ ನಿಯಮ ಓದುವವರ ಕೊರಳಿಗೇ ಬೀಳಬಾರದು.

ನಾನು ಕಂಡುಕೊಂಡ ಪರಿಹಾರ ರಾಸ್ಪ್‌ಬೆರಿ ಪೈ ಎಂಬ ಒಂದು ಪುಟ್ಟ ಕಂಪ್ಯೂಟರ್ ಮತ್ತು ಅದಕ್ಕೆ ಸಿಕ್ಕಿಸುವ ಡಿಎಸ್3231 ಗಡಿಯಾರ. ಈ ಚಿಪ್ಪಿನ ಬೆಲೆ ಕೆಲವು ನೂರು ರೂಪಾಯಿ, ನಾಣ್ಯದಾಕಾರದ ಬ್ಯಾಟರಿಯಲ್ಲಿ ವರ್ಷಗಟ್ಟಲೆ ನಡೆಯುತ್ತದೆ. 0ರಿಂದ 40 ಡಿಗ್ರಿ ಸೆಲ್ಸಿಯಸ್ ನಡುವೆ ಅದರ ತಪ್ಪು ಹತ್ತು ಲಕ್ಷಕ್ಕೆ ಎರಡು ಪಾಲು, ವರ್ಷಕ್ಕೆ ಹೆಚ್ಚೆಂದರೆ ಸುಮಾರು ಒಂದು ನಿಮಿಷ. ನಮ್ಮ ಹವೆ ಆ ಮಿತಿಯೊಳಗೇ ಇರುತ್ತದೆ. ಪೈನಲ್ಲಿ ಸಮಯ ಹೊಂದಿಸಿ ಹಂಚುವ ಕ್ರೋನಿ ತಂತ್ರಾಂಶ ಹಾಕಿದ್ದೇನೆ. ಇಂಟರ್‌ನೆಟ್ ಇದ್ದಾಗ ಅದು ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸಮಯ ಸರ್ವರ್‌ನಿಂದ ತನ್ನನ್ನು ತಿದ್ದಿಕೊಳ್ಳುತ್ತದೆ, ಇಲ್ಲದಾಗ ಚಿಪ್ಪಿನ ಸಮಯವನ್ನೇ ಹಂಚುತ್ತದೆ. ಹೊರಗಿನ ಸಂಪರ್ಕ ಕಡಿದಾಗಲೂ ಸಮಯ ಹಂಚುತ್ತಲೇ ಇರು ಎಂದು ಕ್ರೋನಿಯ ಸಂರಚನೆಯಲ್ಲಿ ಒಂದು ಸಾಲು ಬರೆಯಬೇಕು. ಆ ಸಾಲು ಇಲ್ಲದಿದ್ದರೆ ಬೇಕಾದ ಹೊತ್ತಿನಲ್ಲೇ ಅದು ಕೈಕೊಡುತ್ತದೆ. ಸ್ವಿಚ್ ಈಗ ಸಮಯ ಕೇಳುವುದು ಇದೇ ಪೈ ಬಳಿ. ಪೈಗಿಂತ ಸ್ವಿಚ್ ಮೊದಲು ಎದ್ದರೆ ಆ ಮೊದಲ ಪ್ರಶ್ನೆ ವ್ಯರ್ಥವಾಗುತ್ತದೆಂದು ಕೇಳುವ ಅಂತರವನ್ನು ಒಂದು ಗಂಟೆಗೆ ಇಳಿಸಿದ್ದೇನೆ. ಕೆಟ್ಟರೂ ಕೆಡುವುದು ಆ ಒಂದು ಗಂಟೆಯೇ.

ಹಬ್ಬಗಳಿಗೆ ಸ್ವಿಚ್ಚಿನ ಇನ್ನೊಂದು ಸೌಲಭ್ಯ ಒದಗುತ್ತದೆ. ವಾರವಾರ ಮರಳುವ ಅವಧಿಯಲ್ಲದೆ ನಿರ್ದಿಷ್ಟ ದಿನಾಂಕದ ಅವಧಿಯನ್ನೂ ಬರೆಯಬಹುದು. ಕೈಲ್‌ಪೊಳ್ದ್ ಸೆಪ್ಟೆಂಬರ್ 3ಕ್ಕೇ ಬರುವುದರಿಂದ ಮುಂದಿನ ವರ್ಷಗಳದ್ದನ್ನೂ ಈಗಲೇ ಬರೆದಿಟ್ಟಿದ್ದೇನೆ. ಸುಗ್ಗಿಯ ಹಬ್ಬವಾದ ಪುತ್ತರಿಯ ದಿನ ಹುಣ್ಣಿಮೆಯನ್ನು ಅನುಸರಿಸುತ್ತದೆ, ಕಕ್ಕಬ್ಬೆಯ ಪಾಡಿ ಇಗ್ಗುತಪ್ಪ ದೇವಾಲಯದಲ್ಲಿ ಮುಹೂರ್ತ ನಿಶ್ಚಯವಾದ ಮೇಲೆಯೇ ಸೇರಿಸಬೇಕು. ಕದಿರು ತೆಗೆಯುವ ರಾತ್ರಿ ಊರಿಗೆ ಹೋಗಲಾಗದ ಮಕ್ಕಳು ಮನೆಯವರೊಂದಿಗೆ ವಿಡಿಯೊದಲ್ಲಿ ಮಾತನಾಡಲಿ ಎಂಬುದು ನನ್ನ ಆಸೆ. ಅನುಮತಿಯ ಈ ನಿಯಮ ಪಟ್ಟಿಯಲ್ಲಿ ತಡೆಯ ನಿಯಮಕ್ಕಿಂತ ಮೇಲಿರಬೇಕು, ಎಸಿಎಲ್ ಮೇಲಿನಿಂದ ಓದಿಕೊಂಡು ಬಂದು ಮೊದಲು ಹೊಂದಿದ್ದಕ್ಕೇ ನಿಲ್ಲುತ್ತದೆ.

ಖರ್ಚಿನಲ್ಲಿ ಸ್ವಿಚ್ ಮತ್ತು ಪೈ ಜೋಡಿಯೇ ದುಬಾರಿ. ನನಗೆ ಅದು ಸರಿಹೊಂದಿದ್ದು ನಿಲಯಕ್ಕೆ ಹೇಗೂ ಹೊಸ ಸ್ವಿಚ್ ಬೇಕಿತ್ತು ಎಂಬ ಕಾರಣಕ್ಕೆ, ಮತ್ತು ಸಂಜೆ ಹೊತ್ತು ಲಾಗ್ ತೆರೆದು ನೋಡುವುದು ನನಗೆ ರೂಢಿ ಎಂಬ ಕಾರಣಕ್ಕೆ. ಒಂದೆರಡು ಕೋಣೆಗಳ ಹೋಂಸ್ಟೇ ನಡೆಸುವವರು, ಕೇಬಲ್ ಎಳೆಯದೆ ಬರೀ ವೈಫೈ ಕೊಟ್ಟವರು ರೂಟರ್ ನಿಯಮವನ್ನೂ ಕ್ರಾನ್ ಸಾಲನ್ನೂ ಇಟ್ಟುಕೊಂಡರೆ ಸಾಕು. ಅವರಿಗೂ ಪೈ ಸಹಿತ ಆ ಚಿಪ್ಪು ಬೇಕು. ರೂಟರ್‌ಗಳಲ್ಲೂ ಹೆಚ್ಚಿನವು ಬ್ಯಾಟರಿಯ ಗಡಿಯಾರ ಇಲ್ಲದವೇ.