ತೋಟದ ಪಂಪಿಗೆ ಯಾವ ರಿಮೋಟ್? ಮೂರನ್ನೂ ಹಾಕಿ ನೋಡಿದೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಕೈಯಾರೆ ಮಾಡಿದ ಲೋರಾ ಬೋರ್ಡಿಗೆ. ಲೋರಾ ಅಂದರೆ ಕಡಿಮೆ ಕರೆಂಟಿನಲ್ಲಿ ದೂರಕ್ಕೆ ಮುಟ್ಟುವ ರೇಡಿಯೋ. ಅಂಗಡಿ ರಿಮೋಟ್ ಕೈಕೊಟ್ಟಿದ್ದು ಶಿರಸಿ ಮಾರಿಜಾತ್ರೆಗೆ ಹೋದ ದಿನವೇ. ರಾತ್ರಿ ಮನೆಗೆ ಬಂದರೆ ಅಡಿಕೆ ತೋಟದ ಪಂಪ್ ಓಡುತ್ತಲೇ ಇತ್ತು, ಬಾವಿ ತಳ ಕಂಡಿತ್ತು. ಒತ್ತಿದ್ದು ಪಕ್ಕದ ತೋಟದ ಭಾವ, ಅದೂ ತಮ್ಮ ಪಂಪಿಗೆ!

ಆ 433 ಮೆಗಾಹರ್ಟ್ಸ್ ರಿಮೋಟ್ ಬಿಚ್ಚಿದೆ. ಒಳಗೆ ಕೋಡ್ ಕಳಿಸುವ 2262 ಚಿಪ್. ವಿಳಾಸಕ್ಕೆ ಎಂಟು ಕಾಲು (ಪಿನ್), ಒಂದೊಂದಕ್ಕೂ ಮೂರು ಸ್ಥಿತಿ, ಒಟ್ಟು 6,561 ಕೋಡ್. ಆದರೆ ನನ್ನದರಲ್ಲೂ ಭಾವನದರಲ್ಲೂ ಒಂದು ಕಾಲಿಗೂ ಬೆಸುಗೆ ಇಲ್ಲ, ಹಾಗಾಗಿ ಎರಡರದ್ದೂ ಒಂದೇ ಕೋಡ್. ಹಾಕಿದರೂ ಪ್ರತಿಸಲ ಹೋಗೋದು ಅದೇ ಕೋಡ್. ಯಾರಾದರೂ ಹಿಡಿದಿಟ್ಟು ಮತ್ತೆ ಬಿಟ್ಟರೆ ಪಂಪ್ ಶುರು. ಅಗ್ಗ ಅನ್ನೋದೊಂದೇ ಇದರ ಗುಣ.

ಎರಡನೆಯದು ಪ್ರತಿ ಒತ್ತಿಗೂ ಕೋಡ್ ಬದಲಿಸುವ ಕೀಲಾಕ್ ರಿಮೋಟ್. 2008ರಲ್ಲೇ ಜರ್ಮನಿಯ ಬೋಕುಮ್‌ನ ಸಂಶೋಧಕರು ಕೀಲಾಕ್ ಚಿಪ್ ಎಳೆಯುವ ಕರೆಂಟಿನ ಏರಿಳಿತ ಅಳೆದು ಅದರ ಗುಟ್ಟಿನ ಕೀಲಿ ಹೊರತೆಗೆದಿದ್ದರು. ನಮ್ಮ ತೋಟಕ್ಕೆ ಅಷ್ಟು ಕಷ್ಟಪಟ್ಟು ಯಾರು ಬರುತ್ತಾರೆ ಬಿಡಿ. ಆದರೆ ನಮ್ಮ ಮನೆ ಗುಡ್ಡದ ಮೇಲೆ, ಪಂಪ್ ಕೆಳಗೆ ಹಳ್ಳದ ಹತ್ತಿರ. ಸಿಗ್ನಲ್ ಮುಟ್ಟಲಿಲ್ಲ.

ಲೋರಾ ಮುಟ್ಟಿತು. ಬಾವಿಯಲ್ಲಿರುವ ಬ್ಯಾಟರಿ ಬೋರ್ಡ್ ನಿಮಿಷಕ್ಕೊಮ್ಮೆ "ನೀರಿದೆ" ಎನ್ನುತ್ತದೆ. ಆ ಮಾತು ಬಾರದಿದ್ದರೆ ಪಂಪ್ ಓಡೋದಿಲ್ಲ. ಮಾತಿಗೆ ಎಇಎಸ್ ಬೀಗ, ಅಂದರೆ ಗುಟ್ಟಿನ ಕೀಲಿ ಇಲ್ಲದೆ ಬಿಡಿಸಲಾಗದ ಗುಪ್ತಲಿಪಿ. ಬೀಗದಿಂದ ಬ್ಯಾಟರಿ ಬೇಗ ಮುಗಿಯುತ್ತೆ ಅಂತ ಸುಮ್ನೆ ಹೆದರಿದ್ದೆ. ಆ ಲೆಕ್ಕಕ್ಕೆ ಪುಟ್ಟ ಚಿಪ್ಪಿಗೂ ಒಂದೆರಡು ಮಿಲಿಸೆಕೆಂಡ್ ಸಾಕು. ಜಾಸ್ತಿ ತಿನ್ನೋದು ರೇಡಿಯೋ.

ತಲೆ ತಿಂದಿದ್ದು ಎಣಿಕೆ. ಹಳೆ ಸಂದೇಶವನ್ನು ಯಾರೂ ಮತ್ತೆ ಬಿಡಬಾರದಲ್ವಾ, ಅದಕ್ಕೆ ಪ್ರತಿ ಸಂದೇಶಕ್ಕೂ ಒಂದು ನಂಬರ್. ಹಿಂದಿನದಕ್ಕಿಂತ ದೊಡ್ಡದಾದರೆ ಮಾತ್ರ ಪಂಪಿನ ಬೋರ್ಡ್ ನಂಬುತ್ತದೆ. ಎರಡು ತಿಂಗಳಾದ ಮೇಲೆ ಬ್ಯಾಟರಿ ಬದಲಿಸಿದೆ. ನಂಬರ್ ಇದ್ದದ್ದು ಕರೆಂಟ್ ಹೋದರೆ ಅಳಿಯುವ ರ‍್ಯಾಮ್‌ನಲ್ಲಿ, ಸೊನ್ನೆಗೆ ಇಳಿಯಿತು. ಪಂಪಿನ ಕಡೆ ಆಗಲೇ 86,400 ಆಗಿತ್ತು. ಅದನ್ನು ದಾಟಲು ಇನ್ನೂ ಎರಡು ತಿಂಗಳು! ಬಾವಿ ತುಂಬ ನೀರು, ತೋಟಕ್ಕೆ ಹನಿ ಇಲ್ಲ. "ಬೀಗ ಹಾಕಿದ್ದು ಕಳ್ಳರಿಗೋ, ನಮಗೋ?" ಅಂದರು ಅಪ್ಪಯ್ಯ.

ಪ್ರತಿ ನಂಬರನ್ನೂ ಕರೆಂಟ್ ಹೋದರೂ ಅಳಿಯದ ಇಇಪ್ರಾಮ್‌ಗೆ ಬರೆಯೋಣವೆಂದರೆ ನನ್ನ ಚಿಪ್ಪಿನಲ್ಲಿ ಅದು ತಾಳೋದು 1 ಲಕ್ಷ ಸಲ. ನಿಮಿಷಕ್ಕೊಂದರಂತೆ 70 ದಿನವೂ ಬಾರದು. ಈಗ ನೂರಕ್ಕೊಮ್ಮೆ ಬರೆಯುತ್ತದೆ. ಹೊಸ ಬ್ಯಾಟರಿ ಹಾಕಿದಾಗ ಬರೆದಿಟ್ಟಿದ್ದಕ್ಕೆ ನೂರು ಸೇರಿಸಿ ಮುಂದೆ ಎಣಿಸುತ್ತದೆ. ನಡುವೆ ಕೆಲವು ನಂಬರ್ ಹಾರುತ್ತವೆ, ಹಾರಲಿ.

ಬೆಸುಗೆ ಹಾಕುವ ಚಟ ನನಗಿದೆ, ಭಾನುವಾರ ಪುರುಸೊತ್ತೂ ಇದೆ. ಪಂಪ್ ಮನೆ ಪಕ್ಕದಲ್ಲೇ ಇದ್ದವರಿಗೆ ಕೀಲಾಕ್ ಸಾಕು. ಭಾವ ಹಳೆಯದನ್ನೇ ಇಟ್ಟುಕೊಂಡಿದ್ದಾರೆ. ಅವರ ರಿಮೋಟಿಗೂ ರಿಸೀವರಿಗೂ ಎರಡೆರಡು ಕಾಲಿಗೆ ನಾನೇ ಬೆಸುಗೆ ಹಾಕಿಕೊಟ್ಟೆ.