ನೆತ್ತಿಯ ಬಿಸಿಲಿನಲ್ಲಿ ಸೀರೆ: ಫ್ಲ್ಯಾಶ್, ಸ್ಕಿಮ್ಮರ್, ಎಲ್‌ಇಡಿ ಮೂರನ್ನೂ ಬಳಸಿ ನೋಡಿದ ಮೇಲೆ

ಫ್ಯಾಷನ್ ಚಿತ್ರಗಳನ್ನು ನೋಡುವವರಿಗೆ ಅವೆಲ್ಲ ಮುಂಜಾನೆಯ ಎಳೆಬಿಸಿಲಿನಲ್ಲೋ ಸಂಜೆಯ ಹೊಂಬಿಸಿಲಿನಲ್ಲೋ ತೆಗೆದವು ಎನ್ನಿಸುತ್ತದೆ. ಆ ಎರಡು ಹೊತ್ತನ್ನು ಕೂಡಿಸಿದರೂ ಕೆಲಸಕ್ಕೆ ಸಿಗುವುದು ಹೆಚ್ಚೆಂದರೆ ಎರಡು ಗಂಟೆ. ಅಂಗಡಿಯವರು ಕಳುಹಿಸಿದ ಸೀರೆಗಳ ಗಂಟು ಮಾತ್ರ ಒಂದು ಕಾರಿನ ಡಿಕ್ಕಿ ತುಂಬ ಇರುತ್ತದೆ. ಪ್ರತಿ ಸೀರೆಗೂ ನೆರಿಗೆ ಹಿಡಿದು, ಪಿನ್ನು ಚುಚ್ಚಿ, ತಲೆ ಬಾಚಿ, ಒಡವೆ ಬದಲಿಸಿ ಮುಗಿಸುವಷ್ಟರಲ್ಲಿ ಮುಕ್ಕಾಲು ಗಂಟೆ ಕಳೆದಿರುತ್ತದೆ. ಹೊಂಬಿಸಿಲಿಗೇ ಕಾಯುತ್ತೇನೆ ಎಂದು ಕುಳಿತರೆ ದಿನಕ್ಕೆ ಎರಡು ಸೀರೆ ಮುಗಿದಾವು. ಹೊರಾಂಗಣದ ದೊಡ್ಡ ಶೂಟ್‌ಗಳೆಲ್ಲ ನಡೆಯುವುದು ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರೂವರೆಯ ನಡುವೆಯೇ. ಕಣ್ಣ ಗುಳಿಯಲ್ಲಿ ಕಪ್ಪು ನೆರಳು, ಮೂಗಿನ ಕೆಳಗೆ ಮೀಸೆಯಂಥ ನೆರಳು, ಬಿಳಿಚಿದ ಆಕಾಶ, ಎಲ್ಲವೂ ಆ ಹೊತ್ತಿನವು.

ಆ ಹೊತ್ತನ್ನು ಗೆಲ್ಲಲು ನಮ್ಮ ಕೈಯಲ್ಲಿ ಇರುವುದು ಮೂರು ದಾರಿ. ಬ್ಯಾಟರಿಯಲ್ಲಿ ನಡೆಯುವ 600 ವ್ಯಾಟ್‌ಸೆಕೆಂಡ್ (ಒಂದು ಮಿಂಚಿನ ಶಕ್ತಿಯ ಅಳತೆ) ಫ್ಲ್ಯಾಶ್. ತಲೆಯ ಮೇಲೆ ಹಿಡಿಯುವ 12 ಅಡಿ ಉದ್ದಗಲದ ಬಿಳಿ ಬಟ್ಟೆಯ ಸ್ಕಿಮ್ಮರ್ ಮತ್ತು ಅದರ ಜೊತೆಗಾರನಾದ, ಬೆಳಕನ್ನು ಮುಖಕ್ಕೆ ತಿರುಗಿಸುವ ಥರ್ಮೋಕೋಲ್ ಹಲಗೆ. ಸದಾ ಉರಿಯುತ್ತಿರುವ 600 ವ್ಯಾಟ್ ದರ್ಜೆಯ ಎಲ್‌ಇಡಿ. ಮೂರನ್ನೂ ತಲಕಾಡಿನ ಮರಳಿನಲ್ಲಿ, ರಾಮನಗರದ ಬಂಡೆಗಳ ಮೇಲೆ, ಮಂಡ್ಯದ ಕಡೆಯ ಹಳೆಯ ತೊಟ್ಟಿ ಮನೆಗಳಲ್ಲಿ ಬಾಡಿಗೆಗೆ ತಂದು ದುಡಿಸಿದ್ದೇನೆ. ಯಾವುದು ಒಳ್ಳೆಯದು ಎಂದು ಕಿರಿಯ ಛಾಯಾಗ್ರಾಹಕರು ಕೇಳಿದಾಗ ನಾನು ತಿರುಗಿ ಕೇಳುವುದು ಒಂದೇ ಪ್ರಶ್ನೆ: ಉಡಿಸುತ್ತಿರುವುದು ಯಾವ ಸೀರೆ?

ಮೊದಲು ಸೂರ್ಯನ ಲೆಕ್ಕ ನೋಡಿಬಿಡೋಣ. ಸೂರ್ಯ ನೆತ್ತಿಯ ಮೇಲಿದ್ದಾಗ ನೆಲಕ್ಕೆ ಬೀಳುವ ಬೆಳಕು ಸುಮಾರು ಒಂದು ಲಕ್ಷ ಲಕ್ಸ್. ಫಿಲಂ ಕಾಲದಿಂದ ಬಂದ ಸೂತ್ರದ ಪ್ರಕಾರ ಬೆಳಕು ಗ್ರಹಿಸುವ ಮಟ್ಟ ಐಎಸ್‌ಒ 100 ಇದ್ದಾಗ ಲೆನ್ಸಿನ ಕಿಂಡಿ ಎಫ್/16 (ಅಂಕಿ ಹೆಚ್ಚಿದಷ್ಟೂ ಕಿಂಡಿ ಚಿಕ್ಕದು), ಶಟರ್ ಸೆಕೆಂಡಿನ 1/100 ಭಾಗ. ಹೆಚ್ಚಿನ ಕ್ಯಾಮೆರಾಗಳಲ್ಲಿ ಫ್ಲ್ಯಾಶ್ ಜೊತೆ ಹೊಂದಿಕೊಳ್ಳುವ ಶಟರ್ ವೇಗ 1/200 ಅಥವಾ 1/250ಕ್ಕೆ ನಿಲ್ಲುತ್ತದೆ. 1/200ಕ್ಕೆ ಹೋದರೆ ಎಫ್/11. ಸೂರ್ಯನಿಗೆ ಸಮನಾಗಬೇಕಾದರೆ ಫ್ಲ್ಯಾಶ್ ಕೂಡ ರೂಪದರ್ಶಿಯ ಮುಖದ ಮೇಲೆ ಎಫ್/11ರಷ್ಟು ಬೆಳಕು ಸುರಿಯಬೇಕು. ಆಕಾಶವನ್ನು ಒಂದು ಮೆಟ್ಟಿಲು, ಅಂದರೆ ಅರ್ಧದಷ್ಟು ಬೆಳಕಿಗೆ, ಕಪ್ಪಾಗಿಸುವ ಆಸೆಯಿದ್ದರೆ ಎಫ್/16ರಷ್ಟು.

600 ವ್ಯಾಟ್‌ಸೆಕೆಂಡ್ ಫ್ಲ್ಯಾಶ್ ಈ ಪರೀಕ್ಷೆಯಲ್ಲಿ ಪಾಸಾಗುತ್ತದೆ. ಬೆಳಕನ್ನು ಹರಡಿ ಮೆತ್ತಗಾಗಿಸುವ ಮೂರು ಅಡಿಯ ಬಟ್ಟೆಯ ಪೆಟ್ಟಿಗೆ, ಸಾಫ್ಟ್‌ಬಾಕ್ಸ್ ಹಾಕಿ, ಐದಾರು ಅಡಿ ದೂರದಲ್ಲಿಟ್ಟು, ಪೂರ್ಣ ಶಕ್ತಿಯಲ್ಲಿ ಹೊಡೆಸಿದರೆ ಬಿಸಿಲಿಗೆ ಸರಿಸಮ ನಿಲ್ಲುತ್ತದೆ. ಸೂರ್ಯನನ್ನು ರೂಪದರ್ಶಿಯ ಬೆನ್ನಿಗೆ ಹಾಕಿಕೊಂಡರೆ ಕೂದಲಂಚಿಗೆ ಬೆಳ್ಳಿರೇಖೆ ಪುಕ್ಕಟೆಯಾಗಿ ಸಿಗುತ್ತದೆ, ಮುಖದ ಬೆಳಕು ನಮ್ಮ ಅಂಕೆಯಲ್ಲಿರುತ್ತದೆ, ಮಧ್ಯಾಹ್ನದ ಬಿಳಿಚಿದ ಆಕಾಶಕ್ಕೂ ನೀಲಿ ಮರಳುತ್ತದೆ. ಮೂರು ದಾರಿಗಳಲ್ಲಿ ಆಕಾಶವನ್ನು ಉಳಿಸಿಕೊಡುವುದು ಇದೊಂದೇ.

ಆದರೆ ಚೌಕಟ್ಟು ಅಗಲವಾದ ಕೂಡಲೇ ಫ್ಲ್ಯಾಶ್ ಸೋಲತೊಡಗುತ್ತದೆ. ದೂರ ಎರಡರಷ್ಟಾದರೆ ಬೆಳಕು ಕಾಲು ಭಾಗಕ್ಕಿಳಿಯುತ್ತದೆ. ಐದೂವರೆ ಮೀಟರ್ ಸೀರೆಯ ಸೆರಗನ್ನು ಮರಳ ದಿಬ್ಬದ ಮೇಲೆ ಉದ್ದಕ್ಕೂ ಹಾರಿಸುವ ಚಿತ್ರ ಬೇಕೆಂದರೆ ದೀಪವನ್ನು ಹನ್ನೆರಡು ಅಡಿಗೆ ಸರಿಸಬೇಕಾಗುತ್ತದೆ. ಅಲ್ಲಿಗೆ ಎಫ್/11ರ ಬೆಳಕು ಎಫ್/5.6 ಆಯಿತು. ಎರಡು ಫ್ಲ್ಯಾಶ್ ಜೋಡಿಸಿದರೂ ಒಂದೇ ಮೆಟ್ಟಿಲು ವಾಪಸ್ ಸಿಗುತ್ತದೆ. ನಾವು ಮಾಡುವ ಉಪಾಯ ಬೇರೆ: ಕ್ಯಾಮೆರಾವನ್ನು ಟ್ರೈಪಾಡ್‌ಗೆ ಬಿಗಿದು, ದೀಪವನ್ನು ಚೌಕಟ್ಟಿನ ಒಳಗೇ ಹತ್ತಿರ ತಂದು ಚಿತ್ರ ತೆಗೆಯುವುದು; ತಕ್ಷಣ ದೀಪ ಹೊತ್ತವರನ್ನು ಹೊರಗೆ ಕಳುಹಿಸಿ ಖಾಲಿ ಹಿನ್ನೆಲೆಯ ಇನ್ನೊಂದು ಚಿತ್ರ ತೆಗೆಯುವುದು; ಕಂಪ್ಯೂಟರಿನಲ್ಲಿ ದೀಪವನ್ನು ಅಳಿಸುವುದು. ದೀಪದ ಹಿಂದೆ ಬರಿಯ ಆಕಾಶವೋ ಮರಳೋ ಇದ್ದರೆ ಇದು ಹತ್ತು ನಿಮಿಷದ ಕೆಲಸ. ಸೆರಗು ದೀಪದ ಮುಂದೆ ಹಾದುಹೋಗಿದ್ದರೆ ಅರ್ಧ ದಿನ.

ಹಿನ್ನೆಲೆ ಮಸುಕಾಗಿರಲಿ ಎಂದು ಎಫ್/2.8 ಬೇಕೆನ್ನುವವರಿಗೆ ಮತ್ತೊಂದು ತೊಡಕು. ಶಟರ್ ವೇಗವನ್ನು 1/3200ಕ್ಕೆ ಏರಿಸಿ, ಹೈಸ್ಪೀಡ್ ಸಿಂಕ್ ಎಂಬ ಸೌಲಭ್ಯ ಬಳಸಬಹುದು. ಅದರಲ್ಲಿ ಫ್ಲ್ಯಾಶ್ ಒಂದೇ ಏಟಿಗೆ ಬೆಳಗದೆ ಸಣ್ಣ ಮಿಡಿತಗಳಾಗಿ ಒಡೆದು ಉರಿಯುತ್ತದೆ, ಶಕ್ತಿಯ ದೊಡ್ಡ ಪಾಲು ಮುಚ್ಚಿದ ಶಟರಿಗೆ ಬಡಿದು ವ್ಯರ್ಥವಾಗುತ್ತದೆ. ಕಡಿಮೆಯೆಂದರೂ ಎರಡು ಮೆಟ್ಟಿಲು ನಷ್ಟ. ನಾನು ಅದನ್ನು ಬಿಟ್ಟು, ಲೆನ್ಸಿನ ಮುಂದೆ ಬೆಳಕನ್ನು ನಾಲ್ಕು ಮೆಟ್ಟಿಲು ತಗ್ಗಿಸುವ ಎನ್‌ಡಿ ಫಿಲ್ಟರ್ ಹಾಕಿ 1/200ರಲ್ಲೇ ಎಫ್/2.8 ತೆಗೆಯುತ್ತೇನೆ. ಎಸ್‌ಎಲ್‌ಆರ್ ಕಾಲದಲ್ಲಿ ಆ ಕಪ್ಪು ಗಾಜಿನ ಮೂಲಕ ಏನೂ ಕಾಣುತ್ತಿರಲಿಲ್ಲ. ಪರದೆಯಲ್ಲೇ ಚಿತ್ರವನ್ನು ಬೆಳಗಿಸಿ ತೋರಿಸುವ ಮಿರರ್‌ಲೆಸ್ ಕ್ಯಾಮೆರಾ ಬಂದ ಮೇಲೆ ಆ ಕಿರಿಕಿರಿ ತಪ್ಪಿತು. ಅಗ್ಗದ ಎನ್‌ಡಿ ಗಾಜುಗಳು ಬಣ್ಣ ತಿರುಗಿಸುತ್ತವೆ, ಕೆಂಪು ಸೀರೆ ಕಂದು ಸೀರೆಯಾಗುತ್ತದೆ. ಅಲ್ಲಿ ದುಡ್ಡು ಉಳಿಸಬೇಡಿ.

ಸ್ಕಿಮ್ಮರ್ ವಿಚಾರದಲ್ಲಿ ನಾನು ಪಕ್ಷಪಾತಿ ಎಂದು ಮೊದಲೇ ಹೇಳಿಬಿಡುತ್ತೇನೆ. ಸಿನಿಮಾ ಸೆಟ್ಟುಗಳಿಂದ ನಮಗೆ ಬಂದ ಸಾಮಾನು ಇದು. ಅಲ್ಯೂಮಿನಿಯಂ ಕೊಳವೆಗಳ ಚೌಕಟ್ಟು, ಅದಕ್ಕೆ ಬಿಗಿದ ತೆಳು ಬಿಳಿ ಬಟ್ಟೆ, ಎರಡು ಭಾರದ ಸ್ಟ್ಯಾಂಡು, ಹಗ್ಗ, ಮರಳಿನ ಚೀಲ. ಅದರ ಕೆಳಗೆ ಬಂದು ನಿಂತ ಕೂಡಲೇ ರೂಪದರ್ಶಿಯ ಹುಬ್ಬಿನ ಗಂಟು ಸಡಿಲವಾಗುತ್ತದೆ. ಕಣ್ಣು ಪೂರ್ತಿ ತೆರೆದುಕೊಳ್ಳುತ್ತದೆ, ಕಾಡಿಗೆಯ ಗೆರೆ ಕಾಣುತ್ತದೆ, ಕುತ್ತಿಗೆಯ ಬೆವರು ಇಂಗುತ್ತದೆ. ಫ್ಲ್ಯಾಶ್ ಎಷ್ಟೇ ದುಬಾರಿಯದಾದರೂ ಇದನ್ನು ಕೊಡಲಾರದು, ಏಕೆಂದರೆ ಅಲ್ಲಿ ಆಕೆ ನಿಂತಿರುವುದು ಬಿಸಿಲಿನಲ್ಲೇ. ಅಮೆರಿಕದ ಫ್ಯಾಷನ್ ಛಾಯಾಗ್ರಾಹಕ ಅರ್ವಿಂಗ್ ಪೆನ್ 1948ರಲ್ಲಿ ಪೆರುವಿನ ಕುಸ್ಕೊ ಪಟ್ಟಣದಲ್ಲಿ ಸ್ಥಳೀಯ ಛಾಯಾಗ್ರಾಹಕರೊಬ್ಬರ ಹಗಲುಬೆಳಕಿನ ಸ್ಟುಡಿಯೋವನ್ನು ಬಾಡಿಗೆಗೆ ಹಿಡಿದು ಊರಿನವರ ಚಿತ್ರ ತೆಗೆದರು. ಮುಂದೆ ಮೊರಾಕೊ, ನ್ಯೂಗಿನಿಗಳಿಗೆ ಹೋದಾಗ ಹಗಲುಬೆಳಕಿನ ಡೇರೆಯೊಂದನ್ನು ಮಡಿಸಿ ಹೊತ್ತೊಯ್ದರು. ವೋಗ್ ಪತ್ರಿಕೆಗೆ ಕೆಲಸ ಮಾಡುತ್ತಿದ್ದವರಿಗೆ ವಿದ್ಯುತ್ ದೀಪದ ಕೊರತೆ ಇರಲಿಲ್ಲ. ಮುಖದ ಮೇಲೆ ಆ ಬೆಳಕು ಮಾಡುವ ಕೆಲಸವನ್ನು ಕಂಡವರಿಗೆ ಹೊರೆ ಹೊರೆಯೆನಿಸುವುದಿಲ್ಲ.

ಸ್ಕಿಮ್ಮರಿನ ದೋಷಗಳೂ ಸಣ್ಣವಲ್ಲ. ಬಟ್ಟೆ ರೂಪದರ್ಶಿಯ ಮೇಲಿನ ಬೆಳಕನ್ನು ಒಂದೆರಡು ಮೆಟ್ಟಿಲು ತಗ್ಗಿಸುತ್ತದೆ, ಹಿಂದಿನ ಬಂಡೆಯ ಮೇಲಿನ ಬಿಸಿಲನ್ನು ಮಾತ್ರ ಹಾಗೇ ಬಿಡುತ್ತದೆ. ಮುಖಕ್ಕೆ ಸರಿಹೊಂದಿಸಿದರೆ ಹಿನ್ನೆಲೆ ಬೆಳ್ಳಗೆ ಹೊಡೆಯುತ್ತದೆ. ಇದಕ್ಕೆ ಪರಿಹಾರ ಜಾಗದ ಆಯ್ಕೆಯಲ್ಲಿದೆ. ಹಿಂದೆ ಮಾವಿನ ತೋಪೋ, ನೆರಳಿನ ಗೋಡೆಯೋ, ಕಪ್ಪು ಬಂಡೆಯೋ ಇರಬೇಕು. ತಲಕಾಡಿನ ಬಯಲು ಮರಳು ಇದಕ್ಕೆ ಹೇಳಿ ಮಾಡಿಸಿದ್ದಲ್ಲ. ರಾಮನಗರದಲ್ಲಿ ಬಂಡೆಯ ನೆರಳಿನ ಮಗ್ಗುಲನ್ನು ಹಿನ್ನೆಲೆಯಾಗಿಸಿ, ಸ್ಕಿಮ್ಮರ್ ಕೆಳಗೆ ಇಳಕಲ್ ಸೀರೆ ಉಡಿಸಿ ತೆಗೆದ ಚಿತ್ರಗಳು ಇಂದಿಗೂ ನನಗೆ ಇಷ್ಟ.

ಇನ್ನೊಂದು ದೋಷ ಗಾಳಿ. ನೂರ ನಲವತ್ತನಾಲ್ಕು ಚದರಡಿಯ ಬಟ್ಟೆ ಗಾಳಿ ಹೊಕ್ಕರೆ ದೋಣಿಯ ಹಾಯಿಯಾಗಿಬಿಡುತ್ತದೆ. ನಮ್ಮ ಲೈಟ್ ವಿಭಾಗದ ಹಿರಿಯರೊಬ್ಬರು ಸ್ಕಿಮ್ಮರ್ ಎತ್ತುವ ಮೊದಲು ಒಂದು ಹಿಡಿ ಮರಳು ತೂರಿ ನೋಡುತ್ತಾರೆ. ಒಮ್ಮೆ ಕಾವೇರಿಯ ದಡದಲ್ಲಿ, ಚಿತ್ರ ಕೂಡಿಬರುತ್ತಿದ್ದ ಹೊತ್ತಿಗೇ, “ಮೇಡಂ, ಗಾಳಿ ತಿರುಗಿತು. ಇಳಿಸುತ್ತೇನೆ” ಎಂದರು.

“ಅಣ್ಣ, ಇನ್ನೆರಡೇ ನಿಮಿಷ.”

“ಎರಡು ನಿಮಿಷ ಎಂದು ನನಗೆ ನೀವು ಹೇಳಬಹುದು, ಗಾಳಿಗೆ ಹೇಳುವವರು ಯಾರು?” ಎನ್ನುತ್ತಲೇ ಹಗ್ಗ ಸಡಿಲಿಸಿದರು. ಇಳಿಸಬೇಕು ಎನ್ನುವ ಅಧಿಕಾರ ಅವರದು, ನನ್ನದಲ್ಲ. ಕೆಳಗೆ ನಿಂತಿರುವುದು ಒಬ್ಬ ಹೆಣ್ಣುಮಗಳು, ಮೇಲಿರುವುದು ಲೋಹದ ಕೊಳವೆ. ನಮ್ಮಲ್ಲಿ ಪ್ರತಿ ಸ್ಟ್ಯಾಂಡಿಗೆ ಇಬ್ಬರು, ಗಾಳಿಯಿದ್ದರೆ ಹಗ್ಗಕ್ಕೆ ಮತ್ತಿಬ್ಬರು. ಸ್ಕಿಮ್ಮರಿನ ಬಾಡಿಗೆ ಅಗ್ಗ, ಅದನ್ನು ಹಿಡಿಯುವವರ ಕೂಲಿ, ಊಟ, ಗಾಡಿ ಎಲ್ಲ ಸೇರಿದರೆ ಅಗ್ಗವಲ್ಲ. ಕೂಲಿ ಉಳಿಸಲು ಇಬ್ಬರೇ ಸಾಕು ಎನ್ನುವ ಪ್ರೊಡಕ್ಷನ್‌ನವರ ಜೊತೆ ನಾನು ಜಗಳವಾಡುತ್ತೇನೆ.

ಎಲ್‌ಇಡಿಯ ಬಗ್ಗೆ ಹೆಚ್ಚು ಹೇಳುವುದೇನೂ ಇಲ್ಲ. ತೆರೆದ ಬಯಲಿನ ನಡುಮಧ್ಯಾಹ್ನಕ್ಕೆ ಅದು ಸಾಲದು. ಸಾಫ್ಟ್‌ಬಾಕ್ಸ್ ಹಾಕಿ ಆರಡಿ ದೂರದಲ್ಲಿಟ್ಟು ಮೀಟರ್ ಹಿಡಿದರೆ ಬಿಸಿಲಿನ ಹತ್ತನೇ ಒಂದು ಪಾಲೂ ಬರುವುದಿಲ್ಲ. ಉರಿಯುತ್ತಿದೆಯೋ ಇಲ್ಲವೋ ಎಂದು ಬಾಗಿ ನೋಡಬೇಕು. ಜೊತೆಗೆ ಜನರೇಟರ್ ಇಲ್ಲವೇ ಬೆನ್ನು ಬಗ್ಗಿಸುವ ಬ್ಯಾಟರಿಗಳು. ತೊಟ್ಟಿ ಮನೆಯೊಳಗೆ ಮಾತ್ರ ಅದರ ಆಟವೇ ಬೇರೆ. ಅಂಗಳದಿಂದ ಇಳಿಯುವ ಬೆಳಕು ಕಂಬಗಳ ಹಿಂದಿನ ಜಗುಲಿಗೆ ತಲುಪುವಷ್ಟರಲ್ಲಿ ಸೊರಗಿರುತ್ತದೆ. ಅಲ್ಲಿ ಒಂದೇ ಎಲ್‌ಇಡಿಯನ್ನು ಬಾಗಿಲಿನಾಚೆಯಿಂದ ಸುಣ್ಣದ ಗೋಡೆಗೆ ಬಡಿಸಿದರೆ ಇನ್ನೊಂದು ಕಿಟಕಿಯೇ ಹುಟ್ಟಿಕೊಳ್ಳುತ್ತದೆ. ನೆರಳು ಎಲ್ಲಿ ಬಿತ್ತು ಎಂದು ಎಲ್ಲರ ಕಣ್ಣಿಗೂ ಮೊದಲೇ ಕಾಣುವುದರಿಂದ ಸೀರೆ ಉಡಿಸುವ ಅಕ್ಕ ತಾನಾಗಿಯೇ ಬಂದು ನೆರಿಗೆಯ ಮಡಿಕೆಯನ್ನು ಬೆಳಕಿನ ಕಡೆ ತಿರುಗಿಸಿ ಹೋಗುತ್ತಾರೆ. ಫ್ಲ್ಯಾಶ್‌ನಲ್ಲಿ ಅವರಿಗೆ ಅದು ಪರದೆಯ ಮೇಲೆ ಚಿತ್ರ ಮೂಡಿದ ಮೇಲಷ್ಟೇ ಗೊತ್ತಾಗುತ್ತದೆ.

ಈಗ ಬಟ್ಟೆಯ ವಿಚಾರ. ಜರಿಯ ಎಳೆ ಎಂದರೆ ರೇಷ್ಮೆ ದಾರಕ್ಕೆ ಸುತ್ತಿದ ತೆಳು ಲೋಹ. ಮೈಸೂರು ರೇಷ್ಮೆಯ ಜರಿಯಲ್ಲಿ ಶೇಕಡಾ 65ರಷ್ಟು ಬೆಳ್ಳಿ, ಶೇಕಡಾ 0.65ರಷ್ಟು ಚಿನ್ನ ಇರುತ್ತದೆ. ಒಂದೊಂದು ಎಳೆಯೂ ಸಣ್ಣ ಕನ್ನಡಿ, ಅದು ತೋರಿಸುವುದು ತನ್ನೆದುರಿನ ದೀಪವನ್ನೇ. ದೀಪ ದೊಡ್ಡದಾದರೆ ಅಂಚಿನುದ್ದಕ್ಕೂ ಒಂದೇ ಸಮನೆ ಹರಡಿದ ಹಳದಿ ಮಂಕು. ದೀಪ ಚಿಕ್ಕದಾದರೆ ಚುಕ್ಕಿ ಚುಕ್ಕಿಯಾಗಿ ಕಿಡಿ. ಆದ್ದರಿಂದ ನನ್ನ ಪ್ರೀತಿಯ ಸ್ಕಿಮ್ಮರ್ ಮೈಸೂರು ರೇಷ್ಮೆಯ ಅಗಲ ಅಂಚನ್ನು ಕೊಂದುಬಿಡುತ್ತದೆ. ಮುಖ ಚೆಂದ, ಒಡಲಿನ ಕ್ರೇಪ್ ಚೆಂದ, ಜರಿ ಮಾತ್ರ ಅರಿಸಿನದ ಪಟ್ಟಿ. ಅಂಗಡಿಯವರು ಕೇಳುವ ಮೊದಲ ಪ್ರಶ್ನೆ ಜರಿ ಎಲ್ಲಿ ಎಂದೇ. ಅದಕ್ಕೆ ಸಾಫ್ಟ್‌ಬಾಕ್ಸ್ ಇಲ್ಲದ ಒಂದು ಫ್ಲ್ಯಾಶ್ ಬೇಕು, ಓರೆಯಾಗಿ, ಅಂಚನ್ನು ಸವರುವಂತೆ.

ಇಳಕಲ್ ಇದಕ್ಕೆ ತದ್ವಿರುದ್ಧ. ಟೋಪು ತೆನೆಯ ಕೆಂಪು ಸೆರಗಿನಲ್ಲಿ ಬಿಳಿಯ ಆಕಾರಗಳು ಅಚ್ಚುಕಟ್ಟಾಗಿ ಕಾಣಬೇಕು, ಹತ್ತಿಯ ಒಡಲಿನ ಸಣ್ಣ ಚೌಕಳಿ ಎಣಿಸುವಂತಿರಬೇಕು, ಕಸೂತಿಯಿದ್ದರೆ ಹೊಲಿಗೆ ಹೊಲಿಗೆಯೂ ಕಾಣಬೇಕು. ಫ್ಲ್ಯಾಶ್‌ನ ಕಡು ಬೆಳಕಿನಲ್ಲಿ ಒಡಲಿಗಿಂತ ಹೊಳಪಿನ ಸೆರಗು ಮುಂದೆ ಬಂದು, ಒಂದೇ ಸೀರೆ ಎರಡು ತುಂಡಿನಂತೆ ಕಾಣುತ್ತದೆ. ಸ್ಕಿಮ್ಮರ್ ಅವೆರಡನ್ನೂ ಮತ್ತೆ ಹೊಂದಿಸುತ್ತದೆ. ಹಾಸಿಗೊಂದು ಹೊಕ್ಕಿಗೊಂದು ಬಣ್ಣವಿರುವ ರೇಷ್ಮೆಗಳಿಗೆ ಎಲ್‌ಇಡಿಯೇ ಸರಿ ಎಂಬುದು ನನ್ನ ಅನುಭವ. ಹಸಿರಿನಿಂದ ನೇರಳೆಗೆ ತಿರುಗುವ ಮೂಲೆಯನ್ನು ಕಣ್ಣಾರೆ ಕಾಣುತ್ತ, ದೀಪವನ್ನು ಗೇಣು ಗೇಣಾಗಿ ಸರಿಸಿ ಹಿಡಿಯಬಹುದು. ಬಿಸಿಲು ಮತ್ತು ಎಲ್‌ಇಡಿ ಎರಡೂ ಒಂದೇ ಸೀರೆಯ ಮೇಲೆ ಬೀಳದಂತೆ ನೋಡಿಕೊಂಡರೆ ಸಾಕು. ಎರಡೂ ಬಿದ್ದರೆ, ಸಂಜೆಯ ಬಿಸಿಲು ಕೆಂಪಾಗುತ್ತ ಹೋದಂತೆ ದೀಪಕ್ಕೂ ಕಿತ್ತಳೆ ಹಾಳೆ ಕಟ್ಟದಿದ್ದರೆ ಸೆರಗು ಒಂದು ಬಣ್ಣ, ನೆರಿಗೆ ಇನ್ನೊಂದು ಬಣ್ಣ.

ಹಾರುವ ಸೆರಗಿಗೆ ನನ್ನ ಓಟು ಫ್ಲ್ಯಾಶ್‌ಗೆ, ಅದೂ ದೀಪವನ್ನು ಹತ್ತಿರ ತಂದು, ಅರ್ಧ ಶಕ್ತಿಗಿಂತ ಕೆಳಗೆ. ಈಗಿನ ಹೆಚ್ಚಿನ ಬ್ಯಾಟರಿ ಫ್ಲ್ಯಾಶ್‌ಗಳಲ್ಲಿ ಶಕ್ತಿ ತಗ್ಗಿಸಿದಷ್ಟೂ ಬೆಳಕಿನ ಮಿಂಚು ಚುಟುಕಾಗಿ, ಬಟ್ಟೆಯ ಅಂಚು ಗಾಳಿಯಲ್ಲೇ ಹರಿತವಾಗಿ ನಿಲ್ಲುತ್ತದೆ. ಸೆರಗಿನ ತುದಿಗೆ ಮೀನು ಹಿಡಿಯುವ ನೈಲಾನ್ ದಾರ ಕಟ್ಟಿ ಒಬ್ಬರು ಎಳೆಯುತ್ತಾರೆ, ಇನ್ನೊಬ್ಬರು ಎಸೆದು ಚೌಕಟ್ಟಿನಿಂದ ಓಡುತ್ತಾರೆ. ನೋಡುವವರಿಗೆ ಗಾಳಿ ಕಾಣುತ್ತದೆ, ಓಡಿದವರು ಕಾಣುವುದಿಲ್ಲ.

ಜಾಗದ ಅನುಮತಿಯೂ ಆಯ್ಕೆಯನ್ನು ಬದಲಿಸುತ್ತದೆ. ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಹಂಪಿಯಂಥ ಸ್ಮಾರಕಗಳಲ್ಲಿ ಇಂಥ ಶೂಟ್‌ಗೆ ಮುಂಗಡ ಅನುಮತಿ ಇಲ್ಲದೆ ಟ್ರೈಪಾಡ್ ಕೂಡ ಬಿಚ್ಚುವಂತಿಲ್ಲ. ಅರ್ಜಿ ಹಾಕುವಾಗಲೇ ಸಾಮಾನಿನ ಪಟ್ಟಿ ಸಿದ್ಧವಿರಲಿ.

ಇತ್ತೀಚೆಗೆ ಮೂರರ ಲೆಕ್ಕವನ್ನೂ ಏರುಪೇರು ಮಾಡಿರುವುದು ರೀಲ್. ಚಿತ್ರದ ಜೊತೆಗೇ ವಿಡಿಯೋ ಆಗಿಬಿಡಲಿ ಎಂದು ಈಗ ಎಲ್ಲರೂ ಕೇಳುತ್ತಾರೆ. ಫ್ಲ್ಯಾಶ್ ವಿಡಿಯೋಗೆ ಬಾರದು, ಎಲ್‌ಇಡಿ ಬಿಸಿಲಿಗೆ ಸಾಲದು. ಎರಡನ್ನೂ ಒಂದೇ ಹೊತ್ತಿಗೆ ನಡೆಸಿದರೆ ಎರಡೂ ಪೇಲವವಾಗಿ ಬರುತ್ತವೆ ಎಂಬುದರಲ್ಲಿ ನನಗೆ ಸಂಶಯವಿಲ್ಲ. ರೀಲ್ ಬೇಕೆನ್ನುವವರಿಗೆ ನಾನು ಕೊಡುವ ಕಾಲ್‌ಶೀಟ್‌ನಲ್ಲಿ ಇಳಕಲ್ ಮತ್ತು ಹತ್ತಿ ಸೀರೆಗಳು ಹತ್ತು ಗಂಟೆಗೆ ಸ್ಕಿಮ್ಮರ್ ಕೆಳಗೆ, ಅಲ್ಲೇ ಅವುಗಳ ವಿಡಿಯೋ ಕೂಡ. ಜರಿ ಸೀರೆಗಳು ಹನ್ನೆರಡರಿಂದ ಫ್ಲ್ಯಾಶ್‌ಗೆ, ಬರಿಯ ಸ್ಥಿರಚಿತ್ರ. ನಾಲ್ಕರ ನಂತರ ಜಗುಲಿಯ ಮೇಲೆ ಎಲ್‌ಇಡಿ, ಉಳಿದ ರೀಲ್‌ಗಳಿಗೆಲ್ಲ. ಮಧ್ಯಾಹ್ನ ಒಂದಕ್ಕೆ ಊಟ. ಅದನ್ನು ಎರಡೂವರೆಗೆ ತಳ್ಳೋಣ ಎಂದು ಯಾರಾದರೂ ಅಂದರೆ ಕಾಲ್‌ಶೀಟ್ ವಾಪಸ್ ಕಳುಹಿಸುತ್ತೇನೆ. ಬೆಳಿಗ್ಗೆ ಐದಕ್ಕೆ ಎದ್ದು ಬಂದವರ ಹೊಟ್ಟೆಯನ್ನು ಯಾವ ದೀಪವೂ ತುಂಬಿಸುವುದಿಲ್ಲ.